ಹದಿನಾರು ವರ್ಷ ಪಾಠ ಮಾಡಿದ ಮೇಲೆ ಬೇರೆ ಕೆಲಸ ಹುಡುಕಬಹುದೇ?

ಪ್ರಶ್ನೆ: ನನಗೆ 41 ವರ್ಷ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ., ಜೊತೆಗೆ ಬಿ.ಇಡಿ. ಮಾಡಿದ್ದೇನೆ. ಮಂಡ್ಯದ ಒಂದು ಅನುದಾನರಹಿತ ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಕಲಿಸುತ್ತಿದ್ದು, ಕಳೆದ ಜೂನ್‌ಗೆ ಹದಿನಾರು ವರ್ಷ ತುಂಬಿತು. ಸಂಬಳ 28 ಸಾವಿರ ರೂಪಾಯಿ. ಅದರಲ್ಲಿ ಮೂಲವೇತನ 16 ಸಾವಿರ. ಯಜಮಾನರು ಜಮೀನು ನೋಡಿಕೊಳ್ಳುತ್ತಾರೆ. ಕಬ್ಬಿನ ಬಿಲ್ಲು ಬರುವವರೆಗೂ ಮನೆ ನಡೆಯುವುದು ನನ್ನ ಸಂಬಳದಲ್ಲೇ. ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಈಚೆಗೆ ಶಾಲೆಯಲ್ಲಿ ಪಾಠಕ್ಕಿಂತ ಬೇರೆ ಕೆಲಸವೇ ಹೆಚ್ಚಾಗಿದೆ. ಮಕ್ಕಳ ಮಾಹಿತಿಯನ್ನು ಒಂದಲ್ಲ ಒಂದು ಪೋರ್ಟಲ್‌ಗೆ ತುಂಬಬೇಕು, ಶುಲ್ಕ ಬಾಕಿ ಇರುವ ಪೋಷಕರಿಗೆ ಫೋನ್ ಮಾಡಬೇಕು, ಏಪ್ರಿಲ್ ಬಂದರೆ ದಾಖಲಾತಿಗಾಗಿ ಮನೆ ಮನೆ ಸುತ್ತಬೇಕು, ಹತ್ತನೇ ತರಗತಿಯ ಫಲಿತಾಂಶ ಇಳಿದರೆ ಆಡಳಿತ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬೇಕು. ಹಳೆಯ ಸಹೋದ್ಯೋಗಿಯೊಬ್ಬರು ಇನ್‌ಸ್ಟ್ರಕ್ಷನಲ್ ಡಿಸೈನ್ (ತರಬೇತಿ ಪಾಠಗಳನ್ನು ರೂಪಿಸುವ ವಿದ್ಯೆ) ಎಂಬ ಆನ್‌ಲೈನ್ ಕೋರ್ಸಿಗೆ ಸೇರಲು ಹೇಳುತ್ತಿದ್ದಾರೆ. ಶುಲ್ಕ 80 ಸಾವಿರ. ಕೆಲಸ ಖಚಿತವೆಂದು ಸಂಸ್ಥೆಯವರು ಹೇಳುತ್ತಾರಂತೆ. ದಸರಾ ರಜೆ ಮುಗಿದ ಕೂಡಲೇ ರಾಜೀನಾಮೆ ಕೊಟ್ಟುಬಿಡೋಣ ಎನ್ನಿಸುತ್ತಿದೆ. ಈ ವಯಸ್ಸಿನಲ್ಲಿ ತಡವಾಯಿತೇ? ಪಿಎಫ್, ಗ್ರಾಚುಟಿ ಏನಾಗುತ್ತದೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ತಡವಾಗಿಲ್ಲ. ಆದರೆ ದಸರಾ ಮುಗಿದ ಕೂಡಲೇ ರಾಜೀನಾಮೆ ಕೊಡುವ ಯೋಚನೆಯನ್ನು ದಯವಿಟ್ಟು ಬಿಡಿ. ವರ್ಷದ ನಡುವೆ ಹತ್ತನೇ ತರಗತಿಯ ವಿಜ್ಞಾನ ಶಿಕ್ಷಕಿ ಹೊರಟರೆ ಮಕ್ಕಳಿಗೆ ತೊಂದರೆಯಾಗುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾದ ಮಾತಲ್ಲ. ಹಾಗೆ ಹೊರಟವರಿಗೆ ಬಿಡುಗಡೆ ಪತ್ರ ಕೊಡುವಾಗ ಆಡಳಿತ ಮಂಡಳಿಗಳು ಎಷ್ಟು ಸತಾಯಿಸುತ್ತವೆ ಎಂಬುದೂ ನಿಮಗೆ ಗೊತ್ತಿರುತ್ತದೆ. ನಿಮ್ಮ ಗಮನಕ್ಕೆ ಬಂದಿರಲಾರದ ಇನ್ನೊಂದು ಕಾರಣವಿದೆ. ಗ್ರಾಚುಟಿಯ, ಅಂದರೆ ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಸಂಸ್ಥೆ ಕೊಡಬೇಕಾದ ಇಡಿಗಂಟಿನ ಲೆಕ್ಕದಲ್ಲಿ, ತುಂಬಿದ ವರ್ಷಗಳ ಮೇಲೆ ಆರು ತಿಂಗಳಿಗಿಂತ ಹೆಚ್ಚು ಸೇವೆ ಇದ್ದರೆ ಅದನ್ನು ಪೂರ್ತಿ ಒಂದು ವರ್ಷವೆಂದು ಹಿಡಿಯುತ್ತಾರೆ. ಅಕ್ಟೋಬರಿನಲ್ಲಿ ಬಿಟ್ಟರೆ ನಿಮ್ಮದು ಹದಿನಾರು ವರ್ಷದ ಸೇವೆ, ಏಪ್ರಿಲ್‌ನಲ್ಲಿ ಬಿಟ್ಟರೆ ಹದಿನೇಳು ವರ್ಷದ್ದು.

ಹಣದ ಮಾತು ಬಂದದ್ದರಿಂದ ಅದನ್ನೇ ಮೊದಲು ಮುಗಿಸುತ್ತೇನೆ. ಶಿಕ್ಷಕರಿಗೆ ಗ್ರಾಚುಟಿ ಇಲ್ಲವೆಂದು ಇಂದಿಗೂ ಕೆಲವು ಶಾಲೆಗಳವರು ನಂಬಿಸುತ್ತಾರೆ. ಆ ಮಾತಿಗೆ ಆಧಾರವಿಲ್ಲ. 1972ರ ಗ್ರಾಚುಟಿ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನು ಅದರೊಳಗೆ ಸೇರಿಸಲಾಯಿತು. ಖಾಸಗಿ ಶಾಲೆಗಳು ಇದನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2022ರಲ್ಲಿ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೂ ನಿಮ್ಮಂಥ ಕಾಯಂ ನೌಕರರಿಗೆ ಈ 15/26ರ ಸೂತ್ರ ಬದಲಾಗಿಲ್ಲ. ನಿಮ್ಮ 16 ಸಾವಿರದ ಮೇಲೆ ಹದಿನಾರು ವರ್ಷಕ್ಕೆ ಸುಮಾರು 1,47,700 ರೂಪಾಯಿ, ಹದಿನೇಳು ವರ್ಷಕ್ಕೆ ಸುಮಾರು 1,56,900 ರೂಪಾಯಿ ಆಗುತ್ತದೆ. ಪ್ರತಿ ಬೇಸಿಗೆಯಲ್ಲಿ ಸೇವೆ ಮುರಿದಂತೆ ತೋರಿಸಿ ಜೂನ್‌ನಲ್ಲಿ ಹೊಸ ನೇಮಕಾತಿ ಆದೇಶ ಕೊಡುವ ಪದ್ಧತಿ ನಿಮ್ಮ ಶಾಲೆಯಲ್ಲಿದ್ದರೂ ಎದೆಗುಂದಬೇಡಿ. ವಾರಕ್ಕೆ ಆರು ದಿನ ನಡೆಯುವ ಸಂಸ್ಥೆಯಲ್ಲಿ ವರ್ಷಕ್ಕೆ 240 ದಿನಗಳ ಸೇವೆ ಇದ್ದರೆ ಅದನ್ನು ನಿರಂತರ ಸೇವೆಯೆಂದೇ ಕಾನೂನು ಎಣಿಸುತ್ತದೆ. ಸಂಬಳ ಸಹಿತ ರಜೆಯೂ ಆ ಎಣಿಕೆಯಲ್ಲಿ ಸೇರುತ್ತದೆ. ಹಣ ಮೂವತ್ತು ದಿನಗಳೊಳಗೆ ಬರಬೇಕು. ಬಾರದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದು.

ಪಿಎಫ್ ಹಣವನ್ನು ತೆಗೆಯಬೇಡಿ. ಪಿಎಫ್ ಸದಸ್ಯರಿಗೆ ಕೊಡುವ ಯುಎಎನ್ ಸಂಖ್ಯೆ ಕೆಲಸ ಬದಲಾದರೂ ಒಂದೇ ಆಗಿರುವುದರಿಂದ ಅದು ಹೊಸ ಕೆಲಸದ ಖಾತೆಗೆ ವರ್ಗವಾಗುತ್ತದೆ. ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ತುಂಬಿದ್ದರೆ 58ನೆಯ ವಯಸ್ಸಿನಿಂದ ಪಿಂಚಣಿಗೆ ನೀವು ಅರ್ಹರು. 50 ದಾಟಿದ ಮೇಲೆ ಬೇಗನೆ ಬೇಕೆಂದರೆ, 58ಕ್ಕೆ ಬಾಕಿಯಿರುವ ಪ್ರತಿ ವರ್ಷಕ್ಕೆ ಶೇ. 4ರಂತೆ ಕಡಿತವಾಗುತ್ತದೆ. ಈ ಪಿಂಚಣಿಯೇನೂ ದೊಡ್ಡ ಮೊತ್ತವಲ್ಲ. ಆದರೂ ಹೊಸ ಕಡೆ ಪಿಎಫ್ ಸೌಲಭ್ಯ ಇಲ್ಲದಿದ್ದರೆ ಪಿಂಚಣಿಗೆ ಎಣಿಸುವ ನಿಮ್ಮ ಸೇವೆಯನ್ನು ದಾಖಲಿಸುವ ಯೋಜನಾ ಪ್ರಮಾಣಪತ್ರವನ್ನು ಪಡೆದು ಜೋಪಾನವಾಗಿ ಇಟ್ಟುಕೊಳ್ಳಿ.

ಇನ್ನು ಮುಖ್ಯ ವಿಷಯ. ನೀವು ಬರೆದ ದೂರುಗಳಲ್ಲಿ ಪಾಠದ ಮೇಲೆ ಒಂದೂ ಇಲ್ಲ. ಪೋರ್ಟಲ್, ಶುಲ್ಕ, ದಾಖಲಾತಿ, ಸಭೆ ಇವೆಲ್ಲ ಶಾಲೆಯ ಆಡಳಿತದ ಕೆಲಸಗಳು. ಅವನ್ನು ಶಿಕ್ಷಕರ ತಲೆಗೆ ಕಟ್ಟಿದ್ದಾರೆ, ಅಷ್ಟೆ. ಸಾಕಾಗಿರುವುದು ಈ ಶಾಲೆಯೋ ಕಲಿಸುವ ಕೆಲಸವೋ ಎಂಬುದನ್ನು ಬೇರ್ಪಡಿಸದೆ ಹೊರಟವರು ಹೊಸ ಕೆಲಸದಲ್ಲೂ ಎರಡು ವರ್ಷಕ್ಕೆ ಬೇಸರಗೊಳ್ಳುವುದನ್ನು ನೋಡಿದ್ದೇನೆ. ಫಲಿತಾಂಶದ ಒತ್ತಡ ಎಲ್ಲ ಕಡೆಯೂ ಇದೆ, 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಾದ ಮೇಲೆ ಬೇಸಿಗೆ ರಜೆಯೂ ಮೊದಲಿನಂತಿಲ್ಲ, ನಿಜ. ಆದರೆ ಮನೆ ಮನೆ ಸುತ್ತಿಸದ ಶಾಲೆಗಳೂ ಇವೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಇರುವ ನೀವು ಪಿಯು ಕಾಲೇಜುಗಳನ್ನೂ ಮೈಸೂರಿನ ಸಿಬಿಎಸ್‌ಇ ಶಾಲೆಗಳನ್ನೂ ಮಾರ್ಚ್‌ನಲ್ಲೇ ವಿಚಾರಿಸಬೇಕು. ನೇಮಕಾತಿ ನಡೆಯುವುದು ಆಗಲೇ. ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲೋ ರೈಲಿನಲ್ಲೋ ದಿನವೂ ಓಡಾಡುವವರು ನಿಮ್ಮ ಬೀದಿಯಲ್ಲೇ ಸಿಗುತ್ತಾರೆ. ಇದನ್ನು ವೃತ್ತಿ ಬದಲಾವಣೆ ಎಂದು ಯಾರೂ ಕರೆಯುವುದಿಲ್ಲವಾದರೂ ಹಲವರಿಗೆ ಬೇಕಾಗಿದ್ದದ್ದು ಇಷ್ಟೇ ಆಗಿರುತ್ತದೆ.

ಪಾಠ ಮಾಡುವುದೇ ಬೇಡವೆನ್ನಿಸಿದ್ದರೆ ಆ 80 ಸಾವಿರದ ಕೋರ್ಸಿನ ವಿಷಯಕ್ಕೆ ಬರೋಣ. ಇನ್‌ಸ್ಟ್ರಕ್ಷನಲ್ ಡಿಸೈನ್ ಎಂಬುದು ನಿಜವಾದ ಉದ್ಯೋಗ. ಬೆಂಗಳೂರಿನಲ್ಲಿ ಅದಕ್ಕೆ ಬೇಡಿಕೆಯೂ ಇದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಶಾಲೆಯ ಮಕ್ಕಳಿಗಾಗಿ ಮಾಡುವ ಕೆಲಸವಲ್ಲ. ಬ್ಯಾಂಕಿನ ಹೊಸ ನೌಕರರಿಗೆ ನಿಯಮಗಳ ತರಬೇತಿ, ಕಾರ್ಖಾನೆಯವರಿಗೆ ಸುರಕ್ಷತಾ ತರಬೇತಿ ಇಂಥವನ್ನು ಪರದೆಯ ಮೇಲಿನ ಪಾಠವಾಗಿ ಕಟ್ಟುವುದೇ ಅಲ್ಲಿನ ನಿತ್ಯದ ಕೆಲಸ. ಒಂದೊಂದು ಪರದೆಗೂ ಮೇಲೆ ಕಾಣುವ ಪಠ್ಯವೇನು, ಹಿನ್ನೆಲೆಯಲ್ಲಿ ಕೇಳುವ ಮಾತೇನು, ಚಿತ್ರ ಯಾವುದು, ಕಲಿಯುವವರು ಒತ್ತಬೇಕಾದ ಗುಂಡಿ ಯಾವುದು ಎಂದು ಕೋಷ್ಟಕದಲ್ಲಿ ಬರೆದುಕೊಡಬೇಕು, ವಿಷಯ ತಜ್ಞರು ಹತ್ತು ಬಾರಿ ತಿದ್ದಿದರೂ ಬೇಸರಪಡದೆ ಮತ್ತೆ ಬರೆಯಬೇಕು. ಮಕ್ಕಳ ಮುಖ ಅಲ್ಲಿ ಕಾಣುವುದಿಲ್ಲ. ಅದು ನಿಮಗೆ ನೆಮ್ಮದಿಯೋ ಕೊರತೆಯೋ ಎಂಬುದನ್ನು ನೀವೇ ಹೇಳಬೇಕು. ಮಕ್ಕಳ ಪಾಠಗಳನ್ನೇ ಮಾರುತ್ತಿದ್ದ ಆನ್‌ಲೈನ್ ಕಂಪನಿಗಳಂತೂ ಕೊರೊನಾ ಕಾಲದಲ್ಲಿ ಊದಿಕೊಂಡು, ಶಾಲೆಗಳು ತೆರೆದ ಮೇಲೆ ಸಾವಿರಾರು ಜನರನ್ನು ಮನೆಗೆ ಕಳಿಸಿದವು. ಬೆಂಗಳೂರಿನದೇ ಅತಿ ದೊಡ್ಡ ಕಂಪನಿಯೊಂದು 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಸಿಲುಕಿತು.

ಕೆಲಸ ಖಚಿತವೆಂದು ಹೇಳಿ ಮುಂಗಡ ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಈ ಉದ್ಯೋಗದಲ್ಲಿ ಪ್ರಮಾಣಪತ್ರಕ್ಕಿಂತ ಮಾಡಿದ ಕೆಲಸದ ಮಾದರಿಗಳನ್ನು ಕೇಳುತ್ತಾರೆ. ಆನ್‌ಲೈನ್ ಪಾಠ ನಡೆಸುವ ಮೂಡಲ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಪಾಠ ಕಟ್ಟಲು ಕಂಪನಿಗಳು ಬಳಸುವ ಸ್ಟೋರಿಲೈನ್ ಎಂಬುದನ್ನು ಪ್ರಾಯೋಗಿಕವಾಗಿ ಒಂದು ತಿಂಗಳು ಹಣ ಕೊಡದೆ ಬಳಸಬಹುದು. ರಜೆಯಲ್ಲಿ ಮೂರು ಚಿಕ್ಕ ಪಾಠಗಳನ್ನು ಕಟ್ಟಿ ನೋಡಿ. ಮೂರನೆಯದನ್ನು ಮಾಡುವಷ್ಟರಲ್ಲಿ ಈ ಕೆಲಸ ನಿಮಗೆ ಒಗ್ಗುತ್ತದೆಯೋ ಇಲ್ಲವೋ ತಿಳಿದುಹೋಗುತ್ತದೆ.

ನಿಮ್ಮ ನಿಜವಾದ ಬಂಡವಾಳ ಬೇರೆ ಕಡೆ ಇದೆ ಎಂದು ನನಗೆ ಅನ್ನಿಸುತ್ತದೆ. ವಿದ್ಯುತ್ ಮಂಡಲದ ಪಾಠವನ್ನೇ ತೆಗೆದುಕೊಳ್ಳಿ. ಸರಣಿಯಲ್ಲಿ ಜೋಡಿಸಿದ ಎರಡು ಬಲ್ಬುಗಳಲ್ಲಿ ಮೊದಲನೆಯದು ಒಂದಷ್ಟು ವಿದ್ಯುತ್ ಪ್ರವಾಹವನ್ನು ಖರ್ಚು ಮಾಡಿಬಿಡುತ್ತದೆ, ಆದ್ದರಿಂದ ಎರಡನೆಯದಕ್ಕೆ ಕಡಿಮೆ ಸಿಗುತ್ತದೆ ಎಂದು ಮಕ್ಕಳು ವರ್ಷ ವರ್ಷವೂ ಬರೆಯುತ್ತಾರೆ. ಇದು ಅಜಾಗರೂಕತೆಯ ತಪ್ಪಲ್ಲ, ಅವರ ತಲೆಯಲ್ಲಿ ಬೇರೂರಿದ ಕಲ್ಪನೆ. ಬಹು ಆಯ್ಕೆಯ ಪ್ರಶ್ನೆ ಬರೆಯುವಾಗ ಸರಿಯುತ್ತರವನ್ನು ಯಾರಾದರೂ ಬರೆದಾರು. ಉಳಿದ ಮೂರು ಆಯ್ಕೆಗಳನ್ನು ಮಕ್ಕಳು ನಿಜಕ್ಕೂ ಮಾಡುವ ತಪ್ಪುಗಳಿಂದ ಆರಿಸಬೇಕಾದರೆ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ತಿದ್ದಿದವರೇ ಬೇಕು. ಪ್ರಶ್ನೆಪತ್ರಿಕೆಯ ನೀಲನಕ್ಷೆ ಹಾಕುವುದು ನಿಮಗೆ ರೂಢಿಯಾಗಿದೆ. ಪ್ರಶ್ನೆಕೋಶ, ಅಭ್ಯಾಸ ಪುಸ್ತಕ, ಶಿಕ್ಷಕರ ಕೈಪಿಡಿ ಸಿದ್ಧಪಡಿಸುವ ಪ್ರಕಾಶಕರಿಗೂ ಸಂಸ್ಥೆಗಳಿಗೂ ಇಂಥವರು ಬೇಕು. ಕನ್ನಡ, ಇಂಗ್ಲಿಷ್ ಎರಡರಲ್ಲೂ ವಿಜ್ಞಾನವನ್ನು ತಪ್ಪಿಲ್ಲದೆ ಬರೆಯಬಲ್ಲವರು ವಿರಳ. ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಅನುವಾದ ಮಿಷನ್ ಜ್ಞಾನಪಠ್ಯಗಳ (ಉನ್ನತ ಶಿಕ್ಷಣದ ಪಠ್ಯಗಳ) ಅನುವಾದವನ್ನೇ ಉದ್ದೇಶವಾಗಿಟ್ಟುಕೊಂಡಿದೆ. ಅದರ ಪ್ರಕಟಣೆಗಳನ್ನು ಗಮನಿಸುತ್ತಿರಿ. ಇಂಥ ಕೆಲಸದ ಸಂಭಾವನೆ ಬಿಡಿಬಿಡಿಯಾಗಿ ಬರುವುದರಿಂದ ಮೊದಲಿಗೆ ಸಂಬಳದ ಜೊತೆಗಿನ ಆದಾಯವೆಂದೇ ಎಣಿಸಿ. ಒಪ್ಪಿಕೊಳ್ಳುವ ಮೊದಲು ಶಾಲೆಯ ನೇಮಕಾತಿ ಆದೇಶದಲ್ಲಿ ಇದಕ್ಕೆ ಅಡ್ಡಿಯಿದೆಯೇ ನೋಡಿಕೊಳ್ಳಿ.

ಕೆಲಸ ಬಿಡದೆ ಹೊಸ ಅರ್ಹತೆ ಪಡೆಯುವ ದಾರಿಯೂ ಒಂದಿದೆ, ನಿಮ್ಮ ಸ್ಥಿತಿಯಲ್ಲಿ ನಾನು ಹೆಚ್ಚು ಒಲಿಯುವುದು ಅದಕ್ಕೇ. ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯಲ್ಲಿ ಎನ್‌ಸಿಇಆರ್‌ಟಿ ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. ಅದರ ಕೇಂದ್ರಗಳಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು. ಸೇವೆಯಲ್ಲಿರುವ ಶಿಕ್ಷಕರನ್ನೂ ಗಮನದಲ್ಲಿಟ್ಟುಕೊಂಡು ರೂಪಿಸಿದ್ದರಿಂದ ಮೊದಲ ಆರು ತಿಂಗಳು ಮನೆಯಲ್ಲಿದ್ದೇ ಓದಬಹುದು. ಆಮೇಲೆ ಸುಮಾರು ಮೂರು ತಿಂಗಳು ಕೇಂದ್ರದಲ್ಲೇ ತರಗತಿಗಳಿಗೆ ಹೋಗಬೇಕಾಗುತ್ತದೆ, ಕೊನೆಯ ಮೂರು ತಿಂಗಳು ತಮ್ಮ ಊರಿನಲ್ಲೇ ಪ್ರಾಯೋಗಿಕ ತರಬೇತಿ ಇರುತ್ತದೆ. ಆ ತರಗತಿಗಳ ಅವಧಿಗೆ ರಜೆ ಸಿಗುತ್ತದೆಯೇ ಎಂದು ಶಾಲೆಯಲ್ಲಿ ಮೊದಲೇ ಕೇಳಿಕೊಳ್ಳಿ. ಸಿಬಿಎಸ್‌ಇ ಶಾಲೆಗಳು ಆಪ್ತಸಮಾಲೋಚಕರನ್ನೂ ವಿಶೇಷ ಶಿಕ್ಷಕರನ್ನೂ ನೇಮಿಸಿಕೊಳ್ಳಲೇಬೇಕೆಂಬ ನಿಯಮವಿದೆ. ಪ್ರವೇಶದ ಅರ್ಹತೆ, ಶುಲ್ಕ, ದಿನಾಂಕಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲೇ ನೋಡಿ. ಮಾನಸಗಂಗೋತ್ರಿಯಲ್ಲೇ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ವಿಶೇಷ ಶಿಕ್ಷಣ ಕೋರ್ಸುಗಳ ಹೆಸರನ್ನೂ ಯಾರಾದರೂ ಹೇಳಿಯಾರು. ಒಳ್ಳೆಯ ಸಂಸ್ಥೆ, ಆದರೆ ಪೂರ್ಣಕಾಲದ ವ್ಯಾಸಂಗಕ್ಕೆ ಸಂಬಳ ಬಿಡಬೇಕಾಗುತ್ತದೆ. ಮಗಳು ಪಿಯುಸಿ ಮುಗಿಸುವವರೆಗೆ ಅದು ನಿಮಗೆ ಹೊಂದುವುದಿಲ್ಲ.

ಮನೆಯಲ್ಲೇ ಟ್ಯೂಷನ್ ಮಾಡಿದರೆ ಸಾಕಲ್ಲವೇ ಎಂದು ನಿಮ್ಮವರೇ ಕೇಳಬಹುದು. ಶಾಲೆಯಲ್ಲಿರುವಾಗ ಅದನ್ನು ಮಾಡುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೆಯ ಪ್ರಕರಣ ಅದನ್ನು ನಿಷೇಧಿಸುತ್ತದೆ. ಶಾಲೆ ಬಿಟ್ಟ ಮೇಲೆ ಮಾಡಬಹುದು, ಮಂಡ್ಯದಲ್ಲಿ ಗಣಿತ ಹೇಳಿಕೊಡುವವರಿಗೆ ಮಕ್ಕಳ ಕೊರತೆಯಾಗದು. ತೊಡಕೆಂದರೆ ಅದರ ಆದಾಯ ಜೂನ್‌ನಲ್ಲಿ ಹುಟ್ಟಿ ಮಾರ್ಚ್‌ಗೆ ಒಣಗುತ್ತದೆ. ಕಬ್ಬಿನ ಹಣವೂ ಹಂಗಾಮಿನದೇ ಆಗಿರುವ ಮನೆಯಲ್ಲಿ ಎರಡೂ ಕಡೆಯ ಗಳಿಕೆ ಹಂಗಾಮನ್ನು ನೆಚ್ಚಿಕೊಳ್ಳುವುದು ಅಪಾಯಕಾರಿ. ವಿಮಾ ಏಜೆನ್ಸಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ ಮೊದಲ ವರ್ಷ ನಡೆಯುವುದು ನೆಂಟರಿಷ್ಟರ ದಾಕ್ಷಿಣ್ಯದ ಮೇಲೆ.

ಆದ್ದರಿಂದ ಈ ವರ್ಷ ಮುಗಿಸಿ. ಡಿಪ್ಲೊಮಾ ಅಥವಾ ಮಾದರಿ ಪಾಠಗಳು, ಎರಡರಲ್ಲಿ ಒಂದನ್ನು ಮಾತ್ರ ಕೈಗೆತ್ತಿಕೊಳ್ಳಿ. ಆರು ತಿಂಗಳ ಮನೆಖರ್ಚನ್ನು ಪ್ರತ್ಯೇಕವಾಗಿ ಎತ್ತಿಟ್ಟ ಮೇಲಷ್ಟೇ ರಾಜೀನಾಮೆಯ ಮಾತು. ನೇಮಕಾತಿ ಆದೇಶದಲ್ಲಿ ಎಷ್ಟು ತಿಂಗಳ ಮುನ್ಸೂಚನೆ ಬರೆದಿದೆ ಎಂಬುದನ್ನು ಈಗಲೇ ತೆಗೆದು ಓದಿ; ರಾಜೀನಾಮೆ ಪತ್ರದ ಪ್ರತಿಯ ಮೇಲೆ ಶಾಲೆಯ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮೂಲ ಅಂಕಪಟ್ಟಿಗಳು ಶಾಲೆಯ ಬೀರುವಿನಲ್ಲಿದ್ದರೆ ಬೇರೊಂದು ಅರ್ಜಿಗೆ ಬೇಕೆಂದು ಹೇಳಿ ಮೊದಲೇ ಮರಳಿ ಪಡೆಯಿರಿ. ಅನುಭವ ಪತ್ರದಲ್ಲಿ ಸೇರಿದ ಮತ್ತು ಬಿಟ್ಟ ದಿನಾಂಕ, ಕಲಿಸಿದ ವಿಷಯ, ತರಗತಿಗಳು ಸ್ಪಷ್ಟವಾಗಿರಲಿ. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನೂ ಆಗಲೇ ಮಾಡಿಸಿಟ್ಟುಕೊಳ್ಳಿ. ಮುಂದೆ ಮತ್ತೊಂದು ಶಾಲೆಗೋ ಕಾಲೇಜಿಗೋ ಅರ್ಜಿ ಹಾಕುವ ಸಂದರ್ಭ ಬಂದರೆ ಅದನ್ನೇ ಮೊದಲು ಕೇಳಬಹುದು.