ನಾರ್ಕೊಂಡಮ್ ದ್ವೀಪದ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯನ್ನು ಉಳಿಸಲು ಕೃತಕ ಗೂಡು ಕಟ್ಟುವುದು ಮೇಲೋ, ಮೈಸೂರಿಗೆ ತಂದು ಮರಿ ಮಾಡಿಸುವುದು ಮೇಲೋ?

ನಿಮ್ಮ ಸಂಶೋಧನಾ ಅರ್ಜಿಗೆ ಈ ಎರಡೂ ಬೇಡ. 1990ರ ದಶಕದ ಕೊನೆಯಲ್ಲಿ ಮಾನಸಗಂಗೋತ್ರಿಯ ವಿದ್ಯಾರ್ಥಿಯಾಗಿದ್ದಾಗ ನಾನೂ ಇಂಥದ್ದೇ ಯೋಜನೆ ಬರೆದು ಸಂಶೋಧನಾ ವೇತನಕ್ಕೆ ಸಲ್ಲಿಸಿದ್ದೆ. ರಂಗನತಿಟ್ಟಿನಲ್ಲಿ ದೋಣಿಯಿಂದ ಗೂಡು ಎಣಿಸಿ ಕಲಿತವನು, ಅಂಡಮಾನ್ ಸಮುದ್ರದಲ್ಲಿ ಏಳು ಚದರ ಕಿಲೋಮೀಟರೂ ತುಂಬದ ಆ ಜ್ವಾಲಾಮುಖಿ ದ್ವೀಪಕ್ಕೂ ಅದೇ ಲೆಕ್ಕ ಹಚ್ಚಿದೆ: ಹಕ್ಕಿ ಎಷ್ಟು, ಗೂಡು ಎಷ್ಟು, ಗೂಡುಪೆಟ್ಟಿಗೆ ಎಷ್ಟು ಬೇಕು. ಸಂದರ್ಶನದಲ್ಲಿ ಹಿರಿಯರೊಬ್ಬರು, "ಅಲ್ಲಿ ಅತ್ತಿಯ ಸಸಿಗಳು ಏಳುತ್ತಿವೆಯೇ?" ಎಂದು ಕೇಳಿದರು. ನಾನು ತಡವರಿಸಿದೆ, ವೇತನ ಬೇರೊಬ್ಬರ ಪಾಲಾಯಿತು.

ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ಇದೆ. ದ್ವೀಪದ ಪೊಲೀಸ್ ಠಾಣೆಗೆಂದು ತಂದ ಆಡುಗಳು ಕಾಡು ಸೇರಿ, ಹೆಚ್ಚಿ, ಸಸಿಗಳನ್ನು ಮೇಯುತ್ತಿದ್ದ ಕಾಲವದು. ಮಂಗಟ್ಟೆ ದೀರ್ಘಾಯುಷಿಯಾದ್ದರಿಂದ, ಸಸಿ ಏಳುವುದು ನಿಂತು ಎಷ್ಟೋ ವರ್ಷಗಳಾದರೂ ಹಕ್ಕಿಗಳ ಎಣಿಕೆ ಚೆನ್ನಾಗಿಯೇ ಕಾಣುತ್ತದೆ. ಹಳೆಯ ಮರಗಳು ಉರುಳುವಾಗ ಮಾತ್ರ ಪೊಟರೆಯೂ ಹೋಗುತ್ತದೆ, ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಕೂತ ಹೆಣ್ಣಿಗೆ ಗಂಡು ತಂದುಣಿಸುವ ಅತ್ತಿಯಂಥ ಹಣ್ಣೂ ಹೋಗುತ್ತದೆ. ಪೊಟರೆಯ ಬದಲು ನಾನು ಪೆಟ್ಟಿಗೆ ಕೊಡಬಲ್ಲವನಾಗಿದ್ದೆ, ಹಣ್ಣನ್ನು ಎಲ್ಲಿಂದ ತರಲಿ? ರಂಗನತಿಟ್ಟಿನ ಬಣ್ಣದ ಕೊಕ್ಕರೆಗೆ ಕೊಕ್ಕರೆ ಬೆಳ್ಳೂರಾದರೂ ಉಂಟು. ಈ ಹಕ್ಕಿಗೆ ಜಗತ್ತಿನಲ್ಲಿ ಇನ್ನೊಂದು ನೆಲೆಯಿಲ್ಲ. ಆಡುಗಳನ್ನು ಆಮೇಲೆ ತೆರವು ಮಾಡಿದರು. ಅಲ್ಲಿ ರೇಡಾರ್ ಸ್ಥಾಪಿಸುವ ಪ್ರಸ್ತಾಪವನ್ನು 2012ರಲ್ಲಿ ಪರಿಸರ ಸಚಿವಾಲಯ ನಿರಾಕರಿಸಿತ್ತು, 2014ರಲ್ಲಿ ಮಾತ್ರ ಒಪ್ಪಿಗೆ ಕೊಟ್ಟಿತು. ನನ್ನ ಮಟ್ಟಿಗೆ, ಯಾವ ಗೂಡುಪೆಟ್ಟಿಗೆಗಿಂತಲೂ ಆಡುಗಳ ತೆರವು, ಆ ನಿರಾಕರಣೆ ಇವೆರಡೇ ದೊಡ್ಡ ಕೆಲಸ.

ಸೇಶೆಲ್ಸ್‌ನ ಕಸಿನ್ ದ್ವೀಪವನ್ನು ನೋಡಿ. 1968ರಲ್ಲಿ ಸಂರಕ್ಷಕರು ಅದನ್ನು ಕೊಂಡು, ತೆಂಗಿನ ತೋಟ ಮತ್ತೆ ಸ್ಥಳೀಯ ಕಾಡಾಗಲು ಬಿಟ್ಟದ್ದಕ್ಕೆ, ಮೂವತ್ತೂ ಉಳಿದಿರದ ವಾರ್ಬ್ಲರ್ ಹಕ್ಕಿಗಳು ಮುನ್ನೂರು ದಾಟಿದವು. 1988ರಲ್ಲಿ ಅವುಗಳಲ್ಲಿ 29ನ್ನು ಅರಿಡ್ ದ್ವೀಪಕ್ಕೂ ಸಾಗಿಸಲು ಸಾಧ್ಯವಾಯಿತು.

ಮಾರಿಷಸ್‌ನ ಚಾಣ (ಕೆಸ್ಟ್ರೆಲ್) ಎಂಬ ಬೇಟೆಹಕ್ಕಿಯ ಉದಾಹರಣೆಯನ್ನು ನೀವು ಕೊಡಬಹುದು. ಅಲ್ಲಿ 1974ರಲ್ಲಿ ಕಾಡಿನಲ್ಲಿ ನಾಲ್ಕೇ ಹಕ್ಕಿಗಳು ಉಳಿದಿದ್ದವೆಂದು ತಿಳಿದಿತ್ತು, ಸಾಕಿ ಮರಿ ಮಾಡಿಸದೆ ಗತ್ಯಂತರವಿರಲಿಲ್ಲ. ನಾರ್ಕೊಂಡಮ್ ಆ ಸ್ಥಿತಿಗೆ ಬಂದಿಲ್ಲ. ಆದ್ದರಿಂದ ನಿಮ್ಮ ಅರ್ಜಿಯಲ್ಲಿ ಪಂಜರದ ಖರ್ಚನ್ನು ಹೊಡೆದುಹಾಕಿ, ಸಸಿಗಳ ಸಮೀಕ್ಷೆಗೂ, ದ್ವೀಪಕ್ಕೆ ಇಳಿಯುವ ಪ್ರತಿ ಮೂಟೆಯಲ್ಲಿ ಇಲಿ, ಇರುವೆ, ಹೊರಗಿನ ಬೀಜ ಇವೆಯೇ ಎಂದು ತಪಾಸಣೆ ಮಾಡುವುದಕ್ಕೂ ಹಣ ಕೇಳಿ.