ಮಾತ್ರೆ ನಿಲ್ಲಿಸಿದರೆ ಮಗುವಿಗೆ ಒಳ್ಳೆಯದೇ?

ಪ್ರಶ್ನೆ: ನಾನು ನಾಲ್ಕು ತಿಂಗಳ ಗರ್ಭಿಣಿ. ಮೊದಲ ತಪಾಸಣೆಯಲ್ಲಿ ಎಚ್‌ಐವಿ ಇರುವುದು ತಿಳಿದು, ಅಂದಿನಿಂದ ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆ ಸೇವಿಸುತ್ತಿದ್ದೇನೆ. ಔಷಧದಿಂದ ಮಗುವಿಗೆ ತೊಂದರೆಯಾದೀತೆಂಬ ಭಯದಿಂದ, ಹೆರಿಗೆಯಾಗುವವರೆಗೆ ನಿಲ್ಲಿಸೋಣವೆನಿಸುತ್ತದೆ. ಎದೆಹಾಲು ಕೊಡಬಹುದೇ? ಮಗುವಿಗೆ ಸೋಂಕು ತಗುಲಿಲ್ಲವೆಂದು ಯಾವಾಗ ಖಚಿತವಾಗುತ್ತದೆ?
– ಹೆಸರು ಬೇಡ

ಉತ್ತರ: ದಯವಿಟ್ಟು ಒಂದು ದಿನವೂ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಮಗುವಿಗೆ ಈಗ ಇರುವ ದೊಡ್ಡ ರಕ್ಷಣೆಯೇ ಅದು. ವೈರಸ್ ತಾಯಿಯಿಂದ ಮಗುವಿಗೆ ಗರ್ಭದಲ್ಲಿರುವಾಗ, ಹೆರಿಗೆಯ ಸಮಯದಲ್ಲಿ ಅಥವಾ ಎದೆಹಾಲಿನ ಮೂಲಕ ದಾಟಬಹುದು. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ಹೀಗೆ ದಾಟುವ ಸಾಧ್ಯತೆ ಶೇ. 15ರಿಂದ 45ರಷ್ಟಿರುತ್ತದೆ. ತಾಯಿಯ ರಕ್ತದಲ್ಲಿ ವೈರಸ್ ಎಷ್ಟಿದೆ ಎಂಬುದರ ಮೇಲೆಯೇ ಈ ಅಪಾಯ ಬಹುಪಾಲು ನಿಂತಿದೆ. ನಿಯಮಿತವಾಗಿ ಮಾತ್ರೆ ಸೇವಿಸಿ, ಹೆರಿಗೆಯ ವೇಳೆಗೆ ವೈರಲ್ ಲೋಡ್ ಪತ್ತೆಗೆ ಸಿಗದಷ್ಟು ಇಳಿದಿದ್ದರೆ, ಹುಟ್ಟುವ ಹೊತ್ತಿಗೆ ಸೋಂಕು ದಾಟುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಇಂದು ಹೆಚ್ಚು ಬಳಕೆಯಲ್ಲಿರುವ ಡೊಲುಟೆಗ್ರಾವಿರ್ ಔಷಧದಿಂದ ಭ್ರೂಣದ ಬೆನ್ನುಹುರಿಯ ಬೆಳವಣಿಗೆಯಲ್ಲಿ ದೋಷ ಉಂಟಾಗಬಹುದೆಂಬ ಅನುಮಾನ 2018ರಲ್ಲಿ ಬೋಟ್ಸ್ವಾನಾದ ಅಧ್ಯಯನವೊಂದರಿಂದ ಎದ್ದಿತ್ತು. ಅದೇ ಅಧ್ಯಯನ ಮುಂದುವರಿದು, ಇನ್ನೂ ಹೆಚ್ಚು ತಾಯಂದಿರ ಮಾಹಿತಿ ಸೇರಿದಾಗ ಆ ಅನುಮಾನ ಸಾಬೀತಾಗಲಿಲ್ಲ; ಈಗ ಗರ್ಭಿಣಿಯರಿಗೂ ಅದನ್ನೇ ಮೊದಲ ಆಯ್ಕೆಯಾಗಿ ಕೊಡಲಾಗುತ್ತದೆ. ವಾಂತಿಯಿಂದ ಮಾತ್ರೆ ಹೊರಬೀಳುತ್ತಿದ್ದರೆ ಸುಮ್ಮನಿರದೆ ವೈದ್ಯರಿಗೆ ತಿಳಿಸಿ.

ವೈರಲ್ ಲೋಡ್ ಇಳಿದಿದ್ದರೆ, ಎಚ್‌ಐವಿ ಇದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಾಗುವುದಿಲ್ಲ.

ಎದೆಹಾಲಿನ ವಿಚಾರವನ್ನು ಹೆರಿಗೆಗೆ ಮುಂಚೆಯೇ ವೈದ್ಯರೊಂದಿಗೆ ಮಾತನಾಡಿ ತೀರ್ಮಾನಿಸಿ. ಮಾತ್ರೆ ತಪ್ಪಿಸದ ತಾಯಿ ಹಾಲುಣಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಪಾಯ ತೀರಾ ಕಡಿಮೆ, ಆದರೆ ಸೊನ್ನೆಯಲ್ಲ. ಹಾಲುಣಿಸುವುದಾದರೆ ಮೊದಲ ಆರು ತಿಂಗಳು ಎದೆಹಾಲು ಮಾತ್ರ ಕೊಡಿ, ನೀರೂ ಬೇಡ. ಹೆರಿಗೆಯಾದ ಮೇಲೆ ನಿದ್ದೆಯಿಲ್ಲದ ರಾತ್ರಿಗಳಲ್ಲಿ, ಮಗುವಿನ ಆರೈಕೆಯಲ್ಲೇ ಮುಳುಗಿ, ಎಷ್ಟೋ ತಾಯಂದಿರು ತಮ್ಮ ಮಾತ್ರೆಯನ್ನು ಮರೆಯುತ್ತಾರೆ. ನನಗೆ ಹೆಚ್ಚು ಆತಂಕವಿರುವುದು ಆ ತಿಂಗಳುಗಳ ಬಗ್ಗೆಯೇ, ಏಕೆಂದರೆ ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಹೆಚ್ಚುತ್ತದೆ, ಹಾಲಿನಲ್ಲಿಯೂ ಹೆಚ್ಚುತ್ತದೆ. ಮನೆಯಲ್ಲಿ ನೀವು ನಂಬುವ ಒಬ್ಬರಿಗಾದರೂ ವಿಷಯ ತಿಳಿದಿದ್ದು, ದಿನವೂ ನೆನಪಿಸುವಂತಿದ್ದರೆ ಒಳ್ಳೆಯದು. ಪತಿಯೂ ಪರೀಕ್ಷೆ ಮಾಡಿಸಿಕೊಳ್ಳಲಿ.

ಹುಟ್ಟಿದ ಕೂಡಲೇ ಮಗುವಿಗೆ ನೆವಿರಾಪಿನ್‌ನಂತಹ ಔಷಧದ ಹನಿಗಳನ್ನು ಆರಂಭಿಸಿ, ಸಾಮಾನ್ಯವಾಗಿ ಆರು ವಾರ ಕೊಡುತ್ತಾರೆ. ಅಪಾಯ ಹೆಚ್ಚೆನಿಸಿದರೆ ಇನ್ನಷ್ಟು ಕಾಲ. ಪರೀಕ್ಷೆಯ ವಿಷಯದಲ್ಲಿ ಒಂದು ಮಾತು ನೆನಪಿರಲಿ: ತಾಯಿಯ ಪ್ರತಿಕಾಯಗಳು (ವೈರಸ್ ವಿರುದ್ಧ ದೇಹ ತಯಾರಿಸುವ ಅಂಶಗಳು) ಮಗುವಿನ ರಕ್ತದಲ್ಲಿ ಒಂದೂವರೆ ವರ್ಷದವರೆಗೂ ಉಳಿಯಬಹುದಾದ್ದರಿಂದ, ಅಲ್ಲಿಯವರೆಗೆ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಸೋಂಕಿದೆ ಎಂದರ್ಥವಲ್ಲ. ಆದ್ದರಿಂದ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆಯನ್ನು ನಾಲ್ಕರಿಂದ ಆರನೆಯ ವಾರದಲ್ಲಿ ಮಾಡಿಸಬೇಕು. ಹಾಲುಣಿಸುತ್ತಿರುವವರೆಗೆ ಆ ಫಲಿತಾಂಶ ಅಂತಿಮವಲ್ಲ. 18 ತಿಂಗಳಾದಾಗ, ಅಥವಾ ಹಾಲು ಬಿಡಿಸಿ ಮೂರು ತಿಂಗಳಾದಾಗ, ಇವೆರಡರಲ್ಲಿ ಯಾವುದು ತಡವೋ ಆಗ ಮಾಡುವ ಪರೀಕ್ಷೆಯಿಂದ ಖಚಿತ ಉತ್ತರ ಸಿಗುತ್ತದೆ.