ಸ್ವಂತ ಕಟ್ಟಿದ ವಿಮಾನದ ಎಂಜಿನ್: ಮೊದಲ ಸ್ಟಾರ್ಟ್‌ಗೆ ಮುಂಚೆ ಏನೇನು ನೋಡಬೇಕು?

ಉಡುಪಿಯಲ್ಲಿ ಕಿಟ್ ವಿಮಾನಕ್ಕೆ 100 ಅಶ್ವಶಕ್ತಿಯ, ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ರೋಟಾಕ್ಸ್ 912 ಎಂಜಿನ್ ಕೂರಿಸಿದ್ದೀರಿ, ಇನ್ನು ಏನು ಪರೀಕ್ಷೆ ಮಾಡಬೇಕು ಎಂಬುದು ನಿಮ್ಮ ಪ್ರಶ್ನೆ.

ಮೊದಲು ಪೆಟ್ರೋಲ್ ಬರುವ ದಾರಿ. ಎಂಜಿನ್ ಚೆನ್ನಾಗಿದ್ದರೂ ಪೆಟ್ರೋಲ್ ಸಾಲದೆ ನಿಂತುಹೋಗುವುದು ಇಂಥ ವಿಮಾನಗಳ ಹಳೇ ರೋಗ. ಟೇಕಾಫ್‌ನಲ್ಲಿ ಇದು ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇದ್ದರೆ ಅದರ 125%, ಅಂದರೆ 34 ಲೀಟರ್ ಹರಿಯಬೇಕು. ಪಂಪಿಲ್ಲದೆ ಮೇಲಿನಿಂದ ಇಳಿಯುವುದಾದರೆ 150%. ಟ್ಯಾಂಕಿನಲ್ಲಿ ಕಡಿಮೆ ಪೆಟ್ರೋಲ್ ಇಟ್ಟು, ಮೂತಿಯನ್ನು ಏರುವ ಕೋನಕ್ಕೆ ಎತ್ತಿ, ಕಾರ್ಬ್ಯುರೇಟರ್ ಹತ್ತಿರ ಪೈಪ್ ಬಿಚ್ಚಿ ಅದೇ ಎತ್ತರದಲ್ಲಿ ಡಬ್ಬಿಗೆ ಹಿಡಿಯಿರಿ. ಎಲೆಕ್ಟ್ರಿಕ್ ಪಂಪಿನಲ್ಲಿ ನಿಮಿಷಕ್ಕೆ 570 ಮಿ.ಲೀ. ಬರದಿದ್ದರೆ ಎಲ್ಲೋ ಅಡ್ಡಿಯಿದೆ: ಮಡಚಿದ ಪೈಪ್, ಮುಚ್ಚಿಹೋದ ಟ್ಯಾಂಕ್ ವೆಂಟ್ (ಗಾಳಿ ಕಿಂಡಿ), ಒಳಗೆ ಸಿಕ್ಕ ಸೀಲೆಂಟ್ (ಸಂದು ಮುಚ್ಚುವ ಅಂಟು) ಚೂರು. ಬಯಲಲ್ಲಿ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿರಲಿ.

ನಮ್ಮ ಸೆಕೆಗೆ ಇನ್ನೊಂದು ತೊಂದರೆ: ಸೈಲೆನ್ಸರ್ ಹತ್ತಿರದ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ದಾರಿ ಕಟ್ಟುತ್ತದೆ. ಪೈಪನ್ನು ದೂರ ಒಯ್ಯಿರಿ, ಬೆಂಕಿ ತಡೆಯುವ ಕವಚ ಹಾಕಿ.

ಬಂಕಿನ ಇ20 (20% ಎಥೆನಾಲ್ ಬೆರೆಸಿದ ಪೆಟ್ರೋಲ್) ಬೇಡ, ಈ ಎಂಜಿನ್ನಿಗೆ ಇ10ವರೆಗೆ, ಅಂದರೆ 10% ಎಥೆನಾಲ್‌ವರೆಗೆ ಮಾತ್ರ ಒಪ್ಪಿಗೆ. ಅಳತೆ ಜಾಡಿಯಲ್ಲಿ 10 ಮಿ.ಲೀ. ನೀರಿಗೆ 100 ಮಿ.ಲೀ. ಪೆಟ್ರೋಲ್ ಹಾಕಿ ಕುಲುಕಿ. ತಳದ ಪದರ 20 ಮಿ.ಲೀ. ದಾಟಿದರೆ ಎಥೆನಾಲ್ ಜಾಸ್ತಿ.

ಆಯಿಲ್ ಲೈನಿನ ಗಾಳಿ ತೆಗೆಯದೆ ಸ್ಟಾರ್ಟ್ ಮಾಡಲೇಬೇಡಿ. ಇನ್ನು ಥ್ರಾಟಲ್ (ಎಂಜಿನ್ ವೇಗ ಹೆಚ್ಚು-ಕಡಿಮೆ ಮಾಡುವ ಭಾಗ) ಕೇಬಲ್ ಕಡಿದರೆ ಸ್ಪ್ರಿಂಗ್ ಥ್ರಾಟಲನ್ನು ಪೂರ್ತಿ ತೆರೆಯುತ್ತದೆ, ಎಂಜಿನ್ ಪೂರ್ಣ ವೇಗಕ್ಕೆ ಏರುತ್ತದೆ. ಹಾಗಾಗಿ ಬಾಲವನ್ನು ಗಟ್ಟಿಯಾಗಿ ಕಟ್ಟಿಯೇ ಓಡಿಸಿ.